98ನೇ ದಿನ ಬಂದ ಉತ್ತರ: ನಮ್ಮ ಸಮುದಾಯ ಬಾನುಲಿಗೆ ಕೇಳುಗನೊಬ್ಬನ ಬಹಿರಂಗ ಪತ್ರ

ಇವರಿಗೆ,
ನಿರ್ದೇಶಕರು ಮತ್ತು ಸಲಹಾ ಸಮಿತಿಯ ಸದಸ್ಯರು,
ನಮ್ಮ ಭಾಗದ ಸಮುದಾಯ ಬಾನುಲಿ ಕೇಂದ್ರ,
ಬೆಂಗಳೂರು

ವಿಷಯ: ಬೀದಿ ವ್ಯಾಪಾರಿಗಳ ಬಗ್ಗೆ ಪ್ರಸಾರವಾದ ನೇರ ಕಾರ್ಯಕ್ರಮ ಮತ್ತು ಅದರ ಮೇಲೆ ನಾನು ಕೊಟ್ಟ ದೂರನ್ನು ನೀವು ನಡೆಸಿಕೊಂಡ ರೀತಿ.

ಮಾನ್ಯರೇ,

ನಾನು ಟೈಲರ್. 31 ವರ್ಷದಿಂದ ಬೆಂಗಳೂರಿನ ಒಂದು ಮಾರುಕಟ್ಟೆ ಬೀದಿಯಲ್ಲಿ ಹೆಂಗಸರ ಬ್ಲೌಸ್ ಹೊಲಿಯುತ್ತಿದ್ದೇನೆ. ಈ ಕೆಲಸದಲ್ಲಿ ಕಣ್ಣು ಸೂಜಿಯ ಮೇಲಿರುತ್ತದೆ, ಕೈ ಬಟ್ಟೆಯ ಮೇಲಿರುತ್ತದೆ, ಕಾಲು ಪೆಡಲ್ ಮೇಲಿರುತ್ತದೆ. ಬಿಡುವಾಗಿರುವುದು ಕಿವಿ ಮಾತ್ರ. ಅಂಗಡಿಗೆ ಒಂದು ಟೀವಿ ಹಾಕಿಸಿ ಅಂತ ಮಗಳು ಎಷ್ಟೋ ಸಲ ಹೇಳಿದ್ದಾಳೆ. ಟೀವಿ ನೋಡುತ್ತಾ ಹೊಲಿದರೆ ಸೂಜಿ ಬೆರಳಿಗೆ ಇಳಿಯುತ್ತದೆ. ನಮ್ಮ ಕಸುಬಿನವರಿಗೆ ರೇಡಿಯೋನೇ ಸರಿ.

ಬೆಳಗ್ಗೆ ಶಟರ್ ಎತ್ತಿದ ಕೂಡಲೇ ದೇವರ ಫೋಟೋಗೆ ಊದುಬತ್ತಿ, ಆಮೇಲೆ ರೇಡಿಯೋ. ಮೊದಲು ಆಕಾಶವಾಣಿ, ಮಧ್ಯಾಹ್ನ ವಿವಿಧ ಭಾರತಿ, ಸಂಜೆ ನಾಲ್ಕರ ಮೇಲೆ ನಿಮ್ಮ ಕೇಂದ್ರ. ನಮ್ಮಪ್ಪ ರೇಡಿಯೋ ಇಟ್ಟುಕೊಳ್ಳುವುದಕ್ಕೆ ಪೋಸ್ಟ್ ಆಫೀಸಿನಲ್ಲಿ ಲೈಸೆನ್ಸ್ ಹಣ ಕಟ್ಟುತ್ತಿದ್ದರು. ದುಡ್ಡು ಕಟ್ಟಿ ಕೇಳುತ್ತೇವೆ, ಆದ್ದರಿಂದ ಕೇಳುವ ಹಕ್ಕಿದೆ ಅನ್ನುತ್ತಿದ್ದರು. ಕನ್ನಡದಲ್ಲಿ 'ಕೇಳು' ಅನ್ನುವುದಕ್ಕೆ ಎರಡು ಅರ್ಥ ಇದೆಯಲ್ಲ, ಅಪ್ಪ ಎರಡನ್ನೂ ಸೇರಿಸಿಯೇ ಹೇಳುತ್ತಿದ್ದರು.

ನಿಮ್ಮ ಕೇಂದ್ರದ ಋಣವೂ ನನ್ನ ಮೇಲಿದೆ. ನಿಮ್ಮ ಆರೋಗ್ಯದ ಕಾರ್ಯಕ್ರಮ ಕೇಳಿ ರಕ್ತ ಪರೀಕ್ಷೆ ಮಾಡಿಸಿದೆ, ಸಕ್ಕರೆ ಇದೆ ಅಂತ ಗೊತ್ತಾಯಿತು. ಪೌರಕಾರ್ಮಿಕರ ಮಕ್ಕಳು ಕತೆ ಹೇಳಿದ ದಿನ ಮಷಿನ್ ನಿಲ್ಲಿಸಿ ಕೂತಿದ್ದೆ. ಹಾಗಾಗಿ ಇದು ದ್ವೇಷದ ಪತ್ರ ಅಲ್ಲ. ಕೇಂದ್ರದ ಹೆಸರು, ಕಾರ್ಯಕ್ರಮದ ಹೆಸರು, ನಡೆಸಿಕೊಟ್ಟವರ ಹೆಸರು ಯಾವುದನ್ನೂ ಬೇಕೆಂದೇ ಬರೆದಿಲ್ಲ. ನಿಮಗೆ ಗೊತ್ತು, ಅಷ್ಟು ಸಾಕು. ಹಾಗಾದರೆ ಬಹಿರಂಗವಾಗಿ ಯಾಕೆ ಬರೆದೆ ಅಂದರೆ, ಮುಚ್ಚಿದ ಲಕೋಟೆಯಲ್ಲಿ ಬರೆದದ್ದು ಏನಾಯಿತು ಅಂತ ನೋಡಿದ್ದೇನೆ.

ಜೂನ್ ತಿಂಗಳ ಎರಡನೇ ಗುರುವಾರ, ಸಂಜೆ 5 ಗಂಟೆ. ನಿಮ್ಮ ಫೋನ್-ಇನ್ ಕಾರ್ಯಕ್ರಮ. ಅವತ್ತಿನ ವಿಷಯ ಫುಟ್‌ಪಾತ್. ಸ್ಟುಡಿಯೋದಲ್ಲಿ ಮೂವರು ಅತಿಥಿಗಳು: ಒಬ್ಬರು ನಿವಾಸಿಗಳ ಸಂಘದ ಪದಾಧಿಕಾರಿ, ಒಬ್ಬರು ನಿವೃತ್ತ ಎಂಜಿನಿಯರ್, ಇನ್ನೊಬ್ಬರು ಬಟ್ಟೆ ಅಂಗಡಿ ಮಾಲೀಕರು. ಮೂವರೂ ಚೆನ್ನಾಗಿಯೇ ಮಾತಾಡಿದರು. ಚಪ್ಪಡಿ ಎದ್ದಿರುವುದು, ಚರಂಡಿ ಬಾಯಿ ತೆರೆದಿರುವುದು, ಕೇಬಲ್ ಜೋತು ಬಿದ್ದಿರುವುದು ಎಲ್ಲ ಬಂತು. ಆಮೇಲೆ ಮಾತು ಗಾಡಿಯವರ ಕಡೆ ತಿರುಗಿತು. ಅಲ್ಲಿಂದ ಮುಂದೆ ಬೇರೆ ವಿಷಯಕ್ಕೆ ಹೋಗಲೇ ಇಲ್ಲ.

ನನ್ನ ಅಂಗಡಿ ಮೆಟ್ಟಿಲ ಪಕ್ಕದಲ್ಲಿ ಒಬ್ಬರು ಅಜ್ಜಿ ಗೋಣಿಚೀಲ ಹಾಸಿಕೊಂಡು ಸೊಪ್ಪು ಮಾರುತ್ತಾರೆ. ದಂಟು, ಮೆಂತ್ಯ, ಸಬ್ಬಸಿಗೆ, ಒಂದೊಂದು ದಿನ ಕರಿಬೇವು. ಬೆಳಗಿನ ಜಾವ ನಾಲ್ಕಕ್ಕೆ ಕೆ.ಆರ್. ಮಾರ್ಕೆಟ್‌ನಲ್ಲಿ ಇರುತ್ತಾರೆ, ಏಳಕ್ಕೆ ಇಲ್ಲಿ. ಪಾಲಿಕೆ ಕೊಟ್ಟ ಬೀದಿ ವ್ಯಾಪಾರಿ ಗುರುತಿನ ಚೀಟಿ ಅವರ ಹತ್ತಿರ ಇದೆ. ಮಳೆಗೆ ನೆನೆಯಬಾರದು ಅಂತ ಅದಕ್ಕೆ ಲೈನಿಂಗ್ ಬಟ್ಟೆಯಲ್ಲಿ ಒಂದು ಪುಟ್ಟ ಚೀಲ ಹೊಲಿದುಕೊಟ್ಟವನು ನಾನೇ. ಒಳಗೆ ಪ್ಲಾಸ್ಟಿಕ್, ಹೊರಗೆ ಕೆಂಪು ಬಟ್ಟೆ, ಕತ್ತಿಗೆ ಹಾಕಿಕೊಳ್ಳಲು ದಾರ. ಕೇಂದ್ರ ಸರ್ಕಾರ 2020ರಲ್ಲಿ ಶುರು ಮಾಡಿದ ಪಿಎಂ ಸ್ವನಿಧಿ ಯೋಜನೆಯಲ್ಲಿ 10,000 ರೂಪಾಯಿ ಸಾಲ ತೆಗೆದುಕೊಂಡು ಕಂತು ತಪ್ಪದೆ ಕಟ್ಟಿ ಮುಗಿಸಿದ್ದಾರೆ. ನನ್ನ ರೇಡಿಯೋ ಅವರಿಗೂ ರೇಡಿಯೋ. ಹಾಡು ಚೆನ್ನಾಗಿದ್ದರೆ 'ಸ್ವಲ್ಪ ಜೋರಾಗಿ ಇಡಪ್ಪಾ' ಅನ್ನುತ್ತಾರೆ.

ಅವತ್ತೂ ಜೋರಾಗಿಯೇ ಇತ್ತು. ಒಬ್ಬ ಅತಿಥಿ ಹೇಳಿದರು: "ಫುಟ್‌ಪಾತ್ ಮೇಲೆ ಕೂತು ಮಾರೋರಿಗೆ ಕಾನೂನಿನಲ್ಲಿ ಯಾವ ಹಕ್ಕೂ ಇಲ್ಲ. ಎಲ್ಲರೂ ಅಕ್ರಮ. ಮಾಮೂಲಿ ಕೊಟ್ಟು ಕೂತಿರ್ತಾರೆ." ಕಾರ್ಯಕ್ರಮ ನಡೆಸುತ್ತಿದ್ದವರು "ಖಂಡಿತ ಸರ್" ಅಂದರು. ಖಂಡಿತ. ಪ್ರಶ್ನೆ ಇಲ್ಲ, 'ಅದು ಹೌದಾ' ಅಂತ ಒಂದು ಮಾತಿಲ್ಲ. ಅಜ್ಜಿ ಸೊಪ್ಪಿನ ಮೇಲೆ ನೀರು ಚಿಮುಕಿಸುತ್ತಿದ್ದರು. ಕೈ ಅಲ್ಲೇ ನಿಂತಿತು. ನನ್ನ ಮುಖ ನೋಡಿ "ಏನಪ್ಪಾ, ನಾವು ಕಳ್ರಾ?" ಅಂದರು. ನಾನು ವಾಲ್ಯೂಮ್ ಕಡಿಮೆ ಮಾಡಿದೆ. ಅದೊಂದು ಕೆಲಸ ನಾನು ಮಾಡಬಾರದಿತ್ತು ಅಂತ ಈಗ ಅನ್ನಿಸುತ್ತದೆ.

ತಕ್ಷಣ ನಿಮ್ಮ ನಂಬರಿಗೆ ಫೋನ್ ಮಾಡಿದೆ. ಒಬ್ಬ ಹುಡುಗಿ ಹೆಸರು, ಬಡಾವಣೆ, ಏನು ಮಾತಾಡುತ್ತೀರಿ ಅಂತ ಕೇಳಿದಳು. "ಬೀದಿ ವ್ಯಾಪಾರಿಗಳ ಪರವಾಗಿ ಒಂದು ಮಾತು" ಅಂದೆ. "ಲೈನಲ್ಲಿರಿ ಸರ್" ಅಂದಳು. 22 ನಿಮಿಷ ಲೈನಲ್ಲಿದ್ದೆ. ಅಷ್ಟರಲ್ಲಿ ನಾಲ್ಕು ಜನ ಕೇಳುಗರನ್ನು ಮಾತಾಡಿಸಿದರು. ನಾಲ್ವರೂ ಅತಿಥಿಗಳು ಹೇಳಿದ್ದನ್ನೇ ಹೇಳಿದರು. ಮಧ್ಯೆ ಒಂದು ಪೂರ್ತಿ ಹಾಡು ಹಾಕಿದರು. ಕೊನೆಗೆ "ಸಮಯದ ಅಭಾವದಿಂದ ಇನ್ನೂ ಹಲವರ ಕರೆ ತೆಗೆದುಕೊಳ್ಳಲು ಆಗಲಿಲ್ಲ" ಅಂತ ಮುಗಿಸಿದರು. ಹಾಡಿಗೆ ಸಮಯದ ಅಭಾವ ಇರಲಿಲ್ಲ.

ಇಲ್ಲಿ ಒಂದು ಮಾತು ಸ್ಪಷ್ಟ ಮಾಡಿಬಿಡುತ್ತೇನೆ. ನಾನು ಗಾಡಿಯವರ ವಕೀಲ ಅಲ್ಲ. ಏಳೆಂಟು ವರ್ಷದ ಹಿಂದೆ ಒಂದು ಪಾನಿಪುರಿ ಗಾಡಿ ನನ್ನ ಬಾಗಿಲಿಗೇ ಅಡ್ಡ ನಿಂತಿತ್ತು. ಗಿರಾಕಿಗಳು ಒಳಗೆ ಬರಲು ಪಕ್ಕಕ್ಕೆ ತಿರುಗಿ ನುಸುಳಬೇಕಿತ್ತು. ಪಾಲಿಕೆಗೆ ದೂರು ಕೊಟ್ಟು ಅದನ್ನು ಸರಿಸಿದವನು ನಾನೇ. ನಮ್ಮಮ್ಮ ಫುಟ್‌ಪಾತ್‌ನಲ್ಲಿ ಜಾಗ ಇಲ್ಲದೆ ರಸ್ತೆಗೆ ಇಳಿದು ಸ್ಕೂಟರ್ ತಗುಲಿ ಮೊಣಕೈ ಮುರಿದುಕೊಂಡರು. ನಡೆಯುವವರ ಕಷ್ಟ ನನಗೆ ಚೆನ್ನಾಗಿ ಗೊತ್ತು. ಅದನ್ನು ನೀವು ಪ್ರಸಾರ ಮಾಡಬಾರದಿತ್ತು ಅಂತ ನಾನು ಎಲ್ಲೂ ಹೇಳಿಲ್ಲ. ಒಂದು ಕಡೆಯವರನ್ನು ಸ್ಟುಡಿಯೋದಲ್ಲಿ ಕೂರಿಸಿ, ಇನ್ನೊಂದು ಕಡೆಯವರನ್ನು ಲೈನಲ್ಲಿ ಕಾಯಿಸಿ, ಮೇಲೆ ಒಂದು ಸುಳ್ಳನ್ನೂ 'ಖಂಡಿತ' ಅಂದಿರಲ್ಲ, ಅದು ನನ್ನ ತಕರಾರು.

ಸುಳ್ಳು ಅಂತ ಯಾಕೆ ಹೇಳುತ್ತೇನೆ? ಬೀದಿ ವ್ಯಾಪಾರಿಗಳ ಬಗ್ಗೆ ಸಂಸತ್ತು 2014ರಲ್ಲಿ ಒಂದು ಕಾಯ್ದೆ ಮಾಡಿದೆ. ಅದರ ಪ್ರಕಾರ ಮೊದಲು ವ್ಯಾಪಾರಿಗಳ ಸಮೀಕ್ಷೆ ಆಗಬೇಕು, ಪ್ರಮಾಣಪತ್ರ ಕೊಡಬೇಕು, ಅಲ್ಲಿಯವರೆಗೆ ಯಾರನ್ನೂ ಎತ್ತಂಗಡಿ ಮಾಡುವಂತಿಲ್ಲ. ಬೇರೆ ಕಡೆ ಕಳಿಸಬೇಕಾದರೆ 30 ದಿನದ ನೋಟಿಸ್ ಕೊಡಬೇಕು. ಸಾಮಾನು ಜಪ್ತಿ ಮಾಡಿದರೆ ಪಟ್ಟಿ ಕೊಡಬೇಕು. ಸೊಪ್ಪು, ಹೂವಿನಂಥ ಕೆಡುವ ಸಾಮಾನಾದರೆ ಕೇಳಿದ ದಿನವೇ ವಾಪಸ್ ಕೊಡಬೇಕು. ಪಟ್ಟಣ ವ್ಯಾಪಾರ ಸಮಿತಿ ಅಂತ ಒಂದಿದೆ, ಅದರಲ್ಲಿ ಶೇ. 40ರಷ್ಟು ಜನ ವ್ಯಾಪಾರಿಗಳೇ ಇರಬೇಕು. ಹಾಗಂತ ಎಲ್ಲಿ ಬೇಕಾದರೂ ಕೂರಬಹುದು ಅಂತ ಕಾಯ್ದೆ ಹೇಳುವುದಿಲ್ಲ. ವ್ಯಾಪಾರ ಮಾಡಬಾರದ ಜಾಗಗಳನ್ನೂ ಗುರುತಿಸಬಹುದು, ಹಣ ಕಟ್ಟಿಸಿಕೊಳ್ಳಬಹುದು, ನಿಯಮ ಮುರಿದರೆ ಪ್ರಮಾಣಪತ್ರ ರದ್ದು ಮಾಡಬಹುದು. ಅಂದರೆ ಹಕ್ಕೂ ಇದೆ, ಕಟ್ಟುಪಾಡೂ ಇದೆ. 'ಯಾವ ಹಕ್ಕೂ ಇಲ್ಲ' ಅನ್ನುವುದು ತಪ್ಪು. ಇದನ್ನು ತಿಳಿಯಲು ನನಗೆ ಒಬ್ಬ ಗಿರಾಕಿ ಕೊಟ್ಟ ಹತ್ತು ಪುಟದ ಜೆರಾಕ್ಸ್ ಸಾಕಾಯಿತು. ನಿಮ್ಮಲ್ಲಿ ಸಂಶೋಧನೆಗೆ ಅಂತಲೇ ಇಬ್ಬರು ಇದ್ದಾರಂತೆ.

ಈ ತಪ್ಪು ಗಾಳಿಯಲ್ಲಿ ಹೋಗಿ ಗಾಳಿಯಲ್ಲೇ ಕರಗಲಿಲ್ಲ. ಮಾರನೇ ದಿನ ಒಬ್ಬ ಹೆಂಗಸು ಮೆಂತ್ಯ ಕಟ್ಟಿಗೆ ಚೌಕಾಸಿ ಮಾಡುತ್ತಾ ಅಜ್ಜಿಗೆ ಅಂದರು: "ರೇಡಿಯೋದಲ್ಲೇ ಹೇಳಿದ್ರಲ್ಲ, ನೀವು ಕೂತಿರೋದೇ ತಪ್ಪಂತೆ. ಅದರಲ್ಲಿ ರೇಟು ಬೇರೆ ಜಾಸ್ತಿ." ಅಜ್ಜಿ ಕತ್ತಿನ ಚೀಲ ಮುಟ್ಟಿಕೊಂಡರು. ತೆಗೆದು ತೋರಿಸಲಿಲ್ಲ. ಐದು ರೂಪಾಯಿ ಕಡಿಮೆಗೆ ಕೊಟ್ಟು ಕಳಿಸಿದರು.

ಸೋಮವಾರ ನಾನು ಎರಡು ಪುಟದ ದೂರು ಬರೆದು ಸ್ಪೀಡ್ ಪೋಸ್ಟ್ ಮಾಡಿದೆ. ಏನು ತಪ್ಪು ಮಾಹಿತಿ ಹೋಯಿತು, ಕಾಯ್ದೆಯಲ್ಲಿ ಏನಿದೆ, ನನ್ನ ಕರೆಗೆ ಏನಾಯಿತು ಅಂತ ಬರೆದೆ. ಕಾರ್ಯಕ್ರಮದ ರೆಕಾರ್ಡಿಂಗ್ ತೆಗೆದಿಡಿ ಅಂತಲೂ ಕೇಳಿಕೊಂಡೆ. ದಯವಿಟ್ಟು ಈ ಸಾಲು ನೆನಪಿಟ್ಟುಕೊಳ್ಳಿ.

ಹತ್ತು ದಿನ ಬಿಟ್ಟು ಫೋನ್ ಮಾಡಿದೆ. ಪ್ರೊಡ್ಯೂಸರ್ ರಜೆ. ಇನ್ನೊಂದು ವಾರ ಬಿಟ್ಟು ಮಾಡಿದೆ. ಪ್ರೊಡ್ಯೂಸರ್ ಟ್ರೈನಿಂಗ್‌ಗೆ ಹೋಗಿದ್ದಾರೆ. ಜುಲೈ ಕೊನೆಗೆ ವಾಟ್ಸಾಪ್‌ನಲ್ಲಿ ಪತ್ರದ ಫೋಟೋ ಕಳಿಸಿದೆ. ಎರಡು ನೀಲಿ ಗೆರೆ ಬಂತು, ಉತ್ತರ ಬರಲಿಲ್ಲ. ಆಗಸ್ಟ್‌ನಲ್ಲಿ ಅಂಗಡಿಗೆ ಅರ್ಧ ದಿನ ಬಾಗಿಲು ಹಾಕಿ ನಾನೇ ಬಂದೆ. ಗೇಟಿನ ಹತ್ತಿರ ರಿಜಿಸ್ಟರ್‌ನಲ್ಲಿ 'ಭೇಟಿಯ ಉದ್ದೇಶ' ಅನ್ನುವ ಕಡೆ 'ದೂರು' ಅಂತ ಬರೆದೆ. ವಾಚ್‌ಮನ್ ಪಾಪ ಒಳ್ಳೆಯವರು. "ದೂರು ಅಂತ ಬರೀಬೇಡಿ ಸಾರ್, ಒಳಗೆ ಬಿಡಲ್ಲ. ಪರ್ಸನಲ್ ಅಂತ ಬರೀರಿ" ಅಂದರು. ಹೊಡೆದು ಹಾಕಿ 'ಪರ್ಸನಲ್' ಅಂತ ಬರೆದೆ. ನಿಮ್ಮ ರಿಜಿಸ್ಟರ್ ತೆಗೆದು ನೋಡಿ, ಹೊಡೆದು ಹಾಕಿದ ಆ ಪದ ಈಗಲೂ ಇರಬೇಕು. ಒಳಗೆ ಕಾಫಿ ಕೊಟ್ಟರು. ಪತ್ರ ಎಲ್ಲಿದೆ ಅಂತ ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಇನ್ನೊಂದು ಪ್ರತಿ ಕೊಟ್ಟು, ಸ್ವೀಕೃತಿಗೆ ಸೀಲು ಕೇಳಿದೆ. "ಸೀಲು ಅಕೌಂಟ್ಸ್‌ನವರ ಹತ್ತಿರ ಇದೆ ಸರ್, ಅವರು ಊಟಕ್ಕೆ ಹೋಗಿದ್ದಾರೆ."

ಉತ್ತರ ಬಂದದ್ದು ಕಾರ್ಯಕ್ರಮ ಆದ 98ನೇ ದಿನ. ಅದೂ ಗುರುವಾರವೇ. ಅರ್ಧ ಪುಟ. ಸಹಿ ಯಾರದ್ದು ಅಂತ ನೋಡಿದರೆ, ಅವತ್ತು 'ಖಂಡಿತ ಸರ್' ಅಂದವರದ್ದೇ.

ಆ ಅರ್ಧ ಪುಟದಲ್ಲಿ ನಾಲ್ಕು ಮಾತಿದೆ. ಮೊದಲನೆಯದು, ಅದು ಅತಿಥಿಯ ವೈಯಕ್ತಿಕ ಅಭಿಪ್ರಾಯ. ಫುಟ್‌ಪಾತ್ ಮೇಲೆ ವ್ಯಾಪಾರ ಇರಬಾರದು ಅನ್ನುವುದು ಅಭಿಪ್ರಾಯ, ಒಪ್ಪುತ್ತೇನೆ. ಕಾನೂನಿನಲ್ಲಿ ಹಕ್ಕಿಲ್ಲ ಅನ್ನುವುದು ಅಭಿಪ್ರಾಯ ಹೇಗಾಗುತ್ತದೆ? ಕಾನೂನಿನಲ್ಲಿ ಇದೆಯೋ ಇಲ್ಲವೋ ಪುಸ್ತಕ ತೆಗೆದು ನೋಡಬಹುದು. ಸೊಂಟದ ಅಳತೆ 32 ಇದ್ದರೆ 28 ಅನ್ನುವುದು ನನ್ನ ವೈಯಕ್ತಿಕ ಅಭಿಪ್ರಾಯ ಅಂತ ಗಿರಾಕಿಗೆ ಹೇಳಲಾ?

ಎರಡನೆಯದು, 'ನಮ್ಮದು ಸುದ್ದಿ ವಾಹಿನಿ ಅಲ್ಲ, ಸುದ್ದಿ ಪ್ರಸಾರಕ್ಕೆ ಅನ್ವಯಿಸುವ ಸಮತೋಲನದ ನಿಯಮ ನಮಗಿಲ್ಲ.' ಸಮುದಾಯ ಬಾನುಲಿ ಸ್ವಂತ ಸುದ್ದಿ ಮಾಡುವಂತಿಲ್ಲ ಅನ್ನುವುದು ನಿಜ. ಆದರೆ 2006ರಲ್ಲಿ ಸಂಘ ಸಂಸ್ಥೆಗಳಿಗೂ ಬಾನುಲಿ ಕೇಂದ್ರ ನಡೆಸಲು ಅವಕಾಶ ಕೊಟ್ಟ ಸರ್ಕಾರದ ಮಾರ್ಗಸೂಚಿಯನ್ನು ನೀವು ಓದಿಯೇ ಸಹಿ ಹಾಕಿರುತ್ತೀರಿ. ಯಾವುದನ್ನು ಪ್ರಸಾರ ಮಾಡಬಾರದು ಅನ್ನುವ ಪಟ್ಟಿ ಅದರಲ್ಲಿದೆ. ಅಶ್ಲೀಲ, ಮಾನಹಾನಿ, ಉದ್ದೇಶಪೂರ್ವಕ ಸುಳ್ಳು ಇವುಗಳ ಜೊತೆಗೆ 'ಅರ್ಧಸತ್ಯ' ಅನ್ನುವುದೂ ಅಲ್ಲಿದೆ. ಸುದ್ದಿಯಲ್ಲಿ ಮಾತ್ರ ಅಂತ ಬರೆದಿಲ್ಲ, ಯಾವ ಕಾರ್ಯಕ್ರಮದಲ್ಲೂ ಅಂತ ಇದೆ. ಅರ್ಧದಷ್ಟು ಕಾರ್ಯಕ್ರಮ ಸ್ಥಳೀಯ ಜನ ಸೇರಿ ಮಾಡಿದ್ದಾಗಿರಬೇಕು ಅಂತಲೂ ಇದೆ. ಸ್ಥಳೀಯ ಜನ ಅಂದರೆ ನಿವಾಸಿಗಳ ಸಂಘ ಮಾತ್ರವಾ? ದಿನಕ್ಕೆ ಹನ್ನೆರಡು ಗಂಟೆ ಇದೇ ಬೀದಿಯಲ್ಲಿ ಕೂರುವವರು ಯಾವ ಊರಿನವರು?

ಮೂರನೆಯ ಮಾತು ನನಗೆ ಜಾಸ್ತಿ ಕೋಪ ತರಿಸಿತು. 'ಈ ಕಾರ್ಯಕ್ರಮದ ಬಗ್ಗೆ ಎರಡೂ ಕಡೆಯಿಂದ ದೂರು ಬಂದಿದೆ. ವ್ಯಾಪಾರಿಗಳ ಬಗ್ಗೆ ಇನ್ನೂ ಗಟ್ಟಿಯಾಗಿ ಮಾತಾಡಬೇಕಿತ್ತು ಎಂದು ಕೆಲವರು ಬರೆದಿದ್ದಾರೆ. ಇದು ನಾವು ನಿಷ್ಪಕ್ಷಪಾತವಾಗಿದ್ದೇವೆ ಎಂಬುದನ್ನೇ ತೋರಿಸುತ್ತದೆ.' ಈ ಮಾತನ್ನು ನೀವೇ ಕಂಡುಹಿಡಿದದ್ದಲ್ಲ ಅಂತ ಗೊತ್ತು. ದೊಡ್ಡ ದೊಡ್ಡ ಪತ್ರಿಕೆಯವರೂ ಟೀವಿಯವರೂ ಇದನ್ನೇ ಹೇಳುತ್ತಾರೆ. ಇಬ್ಬರೂ ಬೈಯುತ್ತಿದ್ದಾರೆ, ಆದ್ದರಿಂದ ನಾವು ನಡುವೆ ಇದ್ದೇವೆ ಅಂತ. ನಮ್ಮ ಅಜ್ಜಿಯ ತಕ್ಕಡಿ ತೆಗೆದುಕೊಳ್ಳಿ. ಒಬ್ಬ ಗಿರಾಕಿ ತೂಕ ಕಡಿಮೆ ಅಂತಾನೆ. ಆ ಕಡೆ ಸೊಪ್ಪು ಕೊಟ್ಟ ರೈತ, ನೀನು ಜಾಸ್ತಿ ತೂಗಿ ತಗೊಂಡೆ ಅಂತಾನೆ. ಇಬ್ಬರೂ ದೂರಿದರು, ಹಾಗಾಗಿ ತಕ್ಕಡಿ ಸರಿ ಇದೆ ಅಂತ ಯಾರಾದರೂ ಹೇಳುತ್ತಾರಾ? ಬಟ್ಟು ಇಟ್ಟು ನೋಡಬೇಕು ಅಷ್ಟೆ. ಇಬ್ಬರ ದೂರೂ ಸರಿ ಇರಬಹುದು, ಒಬ್ಬರದ್ದು ಇರಬಹುದು, ಯಾರದ್ದೂ ಇಲ್ಲದಿರಬಹುದು. ದೂರನ್ನು ಎಣಿಸಿದರೆ ಅದು ಗೊತ್ತಾಗುವುದಿಲ್ಲ. ಒಂದೊಂದನ್ನೂ ತೆರೆದು ಓದಿದರೆ ಮಾತ್ರ ಗೊತ್ತಾಗುತ್ತದೆ. ನನ್ನ ದೂರನ್ನು ಯಾರದ್ದೋ ದೂರಿನ ಜೊತೆ ಕೂಡಿಸಿ ಕಳೆದು ಸೊನ್ನೆ ಮಾಡಿಬಿಟ್ಟಿರಿ.

ನಾಲ್ಕನೆಯದು: 'ಮಾರ್ಗಸೂಚಿಯಂತೆ ಕಾರ್ಯಕ್ರಮಗಳನ್ನು ಮೂರು ತಿಂಗಳು ಮಾತ್ರ ಕಾಪಾಡಲಾಗುತ್ತದೆ. ತಾವು ಸೂಚಿಸಿರುವ ಕಾರ್ಯಕ್ರಮದ ಧ್ವನಿಮುದ್ರಿಕೆ ಈಗ ಲಭ್ಯವಿಲ್ಲದ ಕಾರಣ ತಮ್ಮ ಆಕ್ಷೇಪವನ್ನು ಪರಿಶೀಲಿಸಲು ಸಾಧ್ಯವಾಗಿಲ್ಲ.'

ಮೂರು ತಿಂಗಳು ಮುಗಿದು ಆರು ದಿನಕ್ಕೆ ಈ ಉತ್ತರ. ಬೇಕಂತಲೇ ಕಾದಿರಿ ಅಂತ ನಾನು ಹೇಳುವುದಿಲ್ಲ. ನಿಮ್ಮ ಆಫೀಸು ನೋಡಿದ ಮೇಲೆ, ಬೇಕಂತಲೇ ಏನನ್ನಾದರೂ ಮಾಡುವಷ್ಟು ಅಚ್ಚುಕಟ್ಟು ಅಲ್ಲಿದೆ ಅಂತ ನನಗೆ ಅನ್ನಿಸಲಿಲ್ಲ. ಕ್ಷಮಿಸಿ. ಆದರೆ ಪ್ರಸಾರವಾದ ಪ್ರತಿ ಕಾರ್ಯಕ್ರಮವನ್ನೂ ಮೂರು ತಿಂಗಳು ಇಡಬೇಕು ಅನ್ನುವ ನಿಯಮ, ಯಾರಾದರೂ ಕೇಳಿದರೆ ತೆಗೆದು ಕೇಳಿಸಿಕೊಳ್ಳಲಿ ಅಂತ ಮಾಡಿದ್ದು. ಮೂರು ತಿಂಗಳಾದ ಮೇಲೆ ಅಳಿಸಲೇಬೇಕು ಅಂತ ಅದರಲ್ಲಿ ಇಲ್ಲ. ಅದರಲ್ಲೂ ನಾಲ್ಕನೇ ದಿನವೇ 'ತೆಗೆದಿಡಿ' ಅಂತ ಬರೆದುಕೊಟ್ಟ ಮೇಲೆ.

ನನ್ನ ಅಂಗಡಿಯ ಒಂದು ವಿಷಯ ಹೇಳುತ್ತೇನೆ. ಕತ್ತರಿ ಮೇಜಿನ ಕೆಳಗಿನ ಖಾನೆಯಲ್ಲಿ ಅಳತೆ ಪುಸ್ತಕಗಳಿವೆ. ಉದ್ದನೆಯ ಲೆಕ್ಕದ ಪುಸ್ತಕ, ಕೆಂಪು ರಟ್ಟು. ಪ್ರತಿ ಗಿರಾಕಿಗೆ ಒಂದು ಸಾಲು: ಎದೆ, ಸೊಂಟ, ತೋಳು, ಕೊರಳು, ಉದ್ದ. ಪಕ್ಕದಲ್ಲಿ ಅವರ ಬಟ್ಟೆಯ ಒಂದು ಚೂರನ್ನು ಗುಂಡುಪಿನ್ನಿನಲ್ಲಿ ಚುಚ್ಚಿಟ್ಟಿರುತ್ತೇನೆ. 1998ರ ಪುಸ್ತಕದ ಪಿನ್ನುಗಳು ತುಕ್ಕು ಹಿಡಿದು ಹಾಳೆಗೆ ಅಂಟಿವೆ. ಬಟ್ಟೆ ಬಣ್ಣ ಬಿಟ್ಟಿದೆ. ಆದರೂ ಎಸೆದಿಲ್ಲ. ಯಾರಾದರೂ 'ತೋಳು ಬಿಗಿ ಆಗಿದೆ' ಅಂತ ಬಂದರೆ ಮೊದಲು ಪುಸ್ತಕ ತೆಗೆಯುತ್ತೇನೆ. ಬರೆದ ಅಳತೆಗೂ ಹೊಲಿದ ಅಳತೆಗೂ ವ್ಯತ್ಯಾಸ ಇದ್ದರೆ ತಪ್ಪು ನನ್ನದು, ದುಡ್ಡಿಲ್ಲದೆ ಬಿಚ್ಚಿ ಹೊಲಿದುಕೊಡುತ್ತೇನೆ. ವ್ಯತ್ಯಾಸ ಇಲ್ಲ ಅಂದರೆ ಪುಸ್ತಕ ತೋರಿಸುತ್ತೇನೆ, ಅವರೇ ನಕ್ಕು 'ನಾನೇ ದಪ್ಪ ಆಗಿದ್ದೀನಿ ಬಿಡಿ' ಅನ್ನುತ್ತಾರೆ. ಇನ್ನೊಂದು ಪದ್ಧತಿ ಇದೆ. ಬ್ಲೌಸ್ ಹೊಲಿದದ್ದು ಹುಡುಗ ಆಗಿದ್ದರೆ, ದೂರು ಬಂದಾಗ ನೋಡುವವನು ನಾನು. ನಾನೇ ಹೊಲಿದದ್ದಾದರೆ ಪಕ್ಕದ ಅಂಗಡಿಯ ಮಾಸ್ಟರ್‌ನ ಕರೆದು ತೋರಿಸುತ್ತೇನೆ. ತನ್ನ ಹೊಲಿಗೆಯ ಸೊಟ್ಟ ತನಗೆ ಕಾಣುವುದಿಲ್ಲ ಸರ್. 31 ವರ್ಷ ಆದರೂ ಕಾಣುವುದಿಲ್ಲ.

ಹಾಗಿದ್ದ ಮೇಲೆ, ಕಾರ್ಯಕ್ರಮ ನಡೆಸಿದವರ ಕೈಗೇ ದೂರನ್ನೂ ಕೊಟ್ಟು ಉತ್ತರ ಬರೆಸಿದಿರಲ್ಲ, ಅದು ಅವರಿಗೂ ಕಷ್ಟ ಅಲ್ವಾ?

ಬೇರೆ ಕಡೆ ಹೇಗಿದೆ ಅಂತ ಮಗಳು ಹುಡುಕಿ ಓದಿ ಹೇಳಿದಳು. ಬಿಬಿಸಿಯಲ್ಲಿ ಮೊದಲ ಉತ್ತರ ತೃಪ್ತಿ ತರದಿದ್ದರೆ ಮೇಲಕ್ಕೆ ಹೋಗಬಹುದು, ಕಾರ್ಯಕ್ರಮ ಮಾಡಿದವರಿಗೆ ಸಂಬಂಧ ಇಲ್ಲದ ದೂರು ವಿಭಾಗ ಅದನ್ನು ನೋಡುತ್ತದೆ. ಅಲ್ಲೂ ಆಗದಿದ್ದರೆ 2017ರಿಂದ ಆಫ್‌ಕಾಮ್ ಅನ್ನುವ ಹೊರಗಿನ ಸಂಸ್ಥೆಗೆ ಹೋಗಬಹುದು. ಅಮೆರಿಕದ ಸಾರ್ವಜನಿಕ ಬಾನುಲಿ ಎನ್‌ಪಿಆರ್‌ನಲ್ಲಿ ಕೇಳುಗರ ದೂರು ನೋಡಿ ತಮ್ಮ ಸಂಸ್ಥೆಯನ್ನೇ ಬಹಿರಂಗವಾಗಿ ವಿಮರ್ಶೆ ಮಾಡುವುದಕ್ಕೆ ಅಂತಲೇ ಒಬ್ಬರನ್ನು ಇಡುವ ಪದ್ಧತಿ 2000ದಲ್ಲಿ ಬಂತು. ಅಲ್ಲಿನ ಕೇಳುಗರಿಗೂ ಸಮಾಧಾನ ಇಲ್ಲವಂತೆ, ಉತ್ತರಗಳು ತಮ್ಮವರನ್ನೇ ಕಾಯುತ್ತವೆ ಅಂತ ಗೊಣಗುತ್ತಾರಂತೆ. ಇರಲಿ, ಗೊಣಗುವುದಕ್ಕೆ ಅವರಿಗೆ ಒಂದು ಉತ್ತರವಾದರೂ ಸಿಕ್ಕಿರುತ್ತದೆ.

ದೂರದ ದೇಶ ಬೇಡ. ಆಕಾಶವಾಣಿ, ದೂರದರ್ಶನ ನಡೆಸುವ ನಮ್ಮ ಪ್ರಸಾರ ಭಾರತಿಯ ಕಾಯ್ದೆ 1990ರದ್ದು. ಅದರ 15ನೇ ಸೆಕ್ಷನ್ ಓದಿ. ಒಂದು ಕಾರ್ಯಕ್ರಮದಲ್ಲಿ ತನಗೆ ಅನ್ಯಾಯ ಆಗಿದೆ, ತನ್ನ ವಿಷಯ ತಿರುಚಿದ್ದಾರೆ ಅನ್ನುವ ಯಾರೇ ಆಗಲಿ ದೂರು ಕೊಡಬಹುದು ಅಂತ ಅದರಲ್ಲಿದೆ. ಕೇಳುವುದಕ್ಕೆ ಒಂದು ಪ್ರಸಾರ ಮಂಡಳಿ ಇರಬೇಕು. ದೂರಿನ ಬಗ್ಗೆ ತಾನು ಮಾಡಿದ ಶಿಫಾರಸನ್ನು ಪ್ರಸಾರ ಮಾಡಿ ಅಂತ ಆ ಮಂಡಳಿ ಹೇಳಬಹುದು. (ಆ ಮಂಡಳಿಯ ಕತೆಯೇ ಬೇರೆ, ಅದಕ್ಕೆ ಇನ್ನೊಂದು ಪತ್ರ ಬೇಕು.) ಈ ಕಾಯ್ದೆ ಸಮುದಾಯ ಬಾನುಲಿಗೆ ಅನ್ವಯಿಸುವುದಿಲ್ಲ ಅಂತ ನನಗೂ ಗೊತ್ತು, ದಯವಿಟ್ಟು ಅದನ್ನೇ ಐದನೇ ಮಾತಾಗಿ ಬರೆದು ಕಳಿಸಬೇಡಿ. ಬಾನುಲಿಯಲ್ಲಿ ಆದ ತಪ್ಪನ್ನು ಬಾನುಲಿಯಲ್ಲೇ ಸರಿಪಡಿಸಬೇಕು ಅನ್ನುವ ಯೋಚನೆ ಈ ದೇಶಕ್ಕೆ ಹೊಸದಲ್ಲ ಅಂತ ಹೇಳಿದೆ ಅಷ್ಟೆ. ಬಾನುಲಿ ತರಂಗ ಸಾರ್ವಜನಿಕರ ಆಸ್ತಿ ಅಂತ ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಕ್ರಿಕೆಟ್ ಪಂದ್ಯ ಯಾರು ತೋರಿಸಬೇಕು ಅನ್ನುವ ಜಗಳದಲ್ಲಿ ಬಂದ ತೀರ್ಪು ಅದು. ಆ ತೀರ್ಪಿನ ಬೆನ್ನ ಮೇಲೆಯೇ ನಿಮ್ಮಂಥ ಕೇಂದ್ರಗಳು ಹುಟ್ಟಿದ್ದು.

ನಿಮ್ಮ ಕಷ್ಟವೂ ಗೊತ್ತಿದೆ. 100 ವ್ಯಾಟ್ ಟ್ರಾನ್ಸ್‌ಮಿಟರ್, ಹತ್ತು ಕಿಲೋಮೀಟರ್ ಆಚೆ ಹೋದರೆ ಬರೀ ಕರಕರ. ಜಾಹೀರಾತಿನ ಹಣ ಬಂದರೆ ಬಂತು. ದೂರು ನೋಡುವುದಕ್ಕೆ ಬೇರೆ ಆಫೀಸರ್ ಇಡಿ ಅಂದರೆ ಸಂಬಳ ಎಲ್ಲಿಂದ ತರುತ್ತೀರಿ? ಅದನ್ನು ನಾನು ಕೇಳುವುದಿಲ್ಲ. ಆದರೆ 2024ರಲ್ಲಿ ಬದಲಾದ ಮಾರ್ಗಸೂಚಿಯಲ್ಲಿ ದುಡ್ಡಿಲ್ಲದ ದಾರಿ ಒಂದು ಇದೆ. ಪ್ರತಿ ಕೇಂದ್ರಕ್ಕೂ ಸಲಹೆ ಮತ್ತು ಕಾರ್ಯಕ್ರಮದ ಹೂರಣ ನೋಡಲು ಒಂದು ಸಮಿತಿ ಇರಬೇಕು. ಅದರಲ್ಲಿ ಅರ್ಧ ಜನ ಸ್ಥಳೀಯ ಸಮುದಾಯದವರು, ಅರ್ಧ ಜನ ಹೆಂಗಸರು. ಈ ಪತ್ರವನ್ನು ಆ ಸಮಿತಿಗೂ ಬರೆದಿದ್ದೇನೆ. ಆದರೆ ಸದಸ್ಯರು ಯಾರು ಅಂತ ಗೊತ್ತಿಲ್ಲ. ಆಗಸ್ಟ್‌ನಲ್ಲಿ ಬಂದಾಗ ನಿಮ್ಮ ನೋಟಿಸ್ ಬೋರ್ಡ್ ಪೂರ್ತಿ ಓದಿದೆ. ರಂಗೋಲಿ ಸ್ಪರ್ಧೆಯ ಫಲಿತಾಂಶ ಇತ್ತು, ಬೈಕ್ ಎಲ್ಲಿ ನಿಲ್ಲಿಸಬೇಕು ಅಂತ ಇತ್ತು. ಸಮಿತಿಯ ಹೆಸರು ಇರಲಿಲ್ಲ.

ಹಾಗಾಗಿ ಮೊದಲು ಆ ಪಟ್ಟಿ ಹಾಕಿ. ದೂರು ಬಂದ ದಿನವೇ ಒಂದು ನಂಬರ್ ಬರೆದ ಚೀಟಿ ಕೊಡಿ, ಸೀಲು ಇಲ್ಲದಿದ್ದರೆ ಪೆನ್ನಿನ ಸಹಿ ಸಾಕು. ಯಾವ ಕಾರ್ಯಕ್ರಮದ ಮೇಲೆ ದೂರು ಇದೆಯೋ ಅದರ ರೆಕಾರ್ಡಿಂಗನ್ನು ದೂರು ಮುಗಿಯುವವರೆಗೆ ಅಳಿಸಬೇಡಿ. ಒಂದು ಪೆನ್‌ಡ್ರೈವ್ ಸಾಕು ಅದಕ್ಕೆ, ಬೇಕಾದರೆ ನಾನೇ ತಂದುಕೊಡುತ್ತೇನೆ. ದೂರನ್ನು ಕಾರ್ಯಕ್ರಮ ಮಾಡಿದವರು ಓದಲಿ, ಅವರ ಮಾತನ್ನೂ ಹೇಳಲಿ. ತೀರ್ಮಾನ ಮಾತ್ರ ಸಮಿತಿಯ ಇಬ್ಬರು ಮೂವರು ಕೂತು, ಕೇಳಿಸಿಕೊಂಡು ಮಾಡಲಿ. ಆ ಇಬ್ಬರು ಮೂವರಲ್ಲಿ ಒಬ್ಬರು ಬೀದಿಯಲ್ಲಿ ದುಡಿಯುವ ಹೆಂಗಸಾಗಿದ್ದರೆ ಚೆನ್ನ. ಸಂಬಳ ಕೇಳುವುದಿಲ್ಲ ಅವರು, ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ವ್ಯಾಪಾರ ಡಲ್, ಆ ಹೊತ್ತಿಗೆ ಕರೆಯಿರಿ.

ಇನ್ನು ಜೂನ್ ಕಾರ್ಯಕ್ರಮದ ವಿಷಯ. ಅದೇ ಗುರುವಾರ, ಅದೇ 5 ಗಂಟೆಗೆ, ಶುರುವಿನಲ್ಲೇ ಒಂದು ತಿದ್ದುಪಡಿ ಓದಿ. ನಿಮಗೆ ಕೆಲಸ ಕಡಿಮೆಯಾಗಲಿ ಅಂತ ನಾನೇ ಬರೆದಿದ್ದೇನೆ: "ಜೂನ್ ತಿಂಗಳಲ್ಲಿ ಫುಟ್‌ಪಾತ್ ಬಗ್ಗೆ ನಡೆದ ನಮ್ಮ ಕಾರ್ಯಕ್ರಮದಲ್ಲಿ, ಬೀದಿ ವ್ಯಾಪಾರಿಗಳಿಗೆ ಕಾನೂನಿನಲ್ಲಿ ಯಾವ ಹಕ್ಕೂ ಇಲ್ಲ ಎಂಬ ಮಾತು ಬಂದಿತ್ತು. ಅದು ತಪ್ಪು. 2014ರ ಕಾಯ್ದೆಯಲ್ಲಿ ಅವರಿಗೆ ಹಕ್ಕುಗಳೂ ಇವೆ, ಕಟ್ಟುಪಾಡುಗಳೂ ಇವೆ. ಅವತ್ತು ವ್ಯಾಪಾರಿಗಳ ಕಡೆಯವರು ಯಾರೂ ಸ್ಟುಡಿಯೋದಲ್ಲಿ ಇರಲಿಲ್ಲ. ಇವತ್ತು ಇದ್ದಾರೆ." ಗಡಿಯಾರ ನೋಡಿಕೊಂಡು ನಿಧಾನವಾಗಿ ಓದಿದೆ, ಅರ್ಧ ನಿಮಿಷ ಆಯಿತು. ಅವತ್ತಿನ ಹಾಡಿಗಿಂತ ಎಷ್ಟೋ ಚಿಕ್ಕದು.

ಕೊನೆಯದಾಗಿ ಆ ಧ್ವನಿಮುದ್ರಿಕೆ. ಲಭ್ಯವಿಲ್ಲ ಅಂದಿರಲ್ಲ, ಸ್ವಲ್ಪ ಲಭ್ಯ ಇದೆ. ನನ್ನ ಹಳೇ ಫೋನ್‌ನಲ್ಲಿ ಎಲ್ಲ ಕರೆಗಳೂ ತಾನಾಗಿಯೇ ರೆಕಾರ್ಡ್ ಆಗುತ್ತವೆ, ಗಿರಾಕಿಗಳು ಆರ್ಡರ್ ಹೇಳಿ ಆಮೇಲೆ ಇಲ್ಲ ಅನ್ನುತ್ತಾರೆ ಅಂತ ಮಗಳು ಹಾಗೆ ಮಾಡಿಟ್ಟಿದ್ದಾಳೆ. ಅವತ್ತು 22 ನಿಮಿಷ ಲೈನಲ್ಲಿ ಕಾಯುವಾಗ ನಿಮ್ಮ ಕಾರ್ಯಕ್ರಮ ಫೋನ್ ಒಳಗೂ ಕೇಳಿಸುತ್ತಿತ್ತು. ಈ ವಿಷಯ ನನಗೆ ಹೊಳೆದದ್ದು ನಿಮ್ಮ ಉತ್ತರ ಬಂದ ರಾತ್ರಿ. ಹುಡುಕಿದರೆ ಪೂರ್ತಿ ಇದೆ. 'ಯಾವ ಹಕ್ಕೂ ಇಲ್ಲ' ಅನ್ನುವ ಮಾತನ್ನು ಅತಿಥಿ ಎರಡನೇ ಸಲ ಹೇಳಿದ್ದು, ಇನ್ನೊಂದು 'ಖಂಡಿತ', ನಾಲ್ಕು ಕರೆ, ಆ ಹಾಡು, ಸಮಯದ ಅಭಾವ ಎಲ್ಲ ಇದೆ. ಹಿಂದೆ ಹುಡುಗ ಫಾಲ್ಸ್ ಹಾಕುತ್ತಿರುವ ಮಷಿನ್ ಸದ್ದು, ಅದರ ಮಧ್ಯೆ ಅಜ್ಜಿ 'ಹತ್ತಕ್ಕೆರಡು, ಹತ್ತಕ್ಕೆರಡು' ಅಂತ ಕೂಗುತ್ತಿರುವುದೂ ಇದೆ. ಅವರ ದನಿ ನಿಮ್ಮ ಕಾರ್ಯಕ್ರಮದಲ್ಲಿ ಸೇರಿದ್ದು ಅಷ್ಟೇ.

ಅದನ್ನು ನಾನು ಎಲ್ಲಿಯೂ ಹಾಕಿಲ್ಲ, ಹಾಕುವುದೂ ಇಲ್ಲ. ಸಮಿತಿಯವರು ಬಂದರೆ ಕೇಳಿಸುತ್ತೇನೆ. ಅಂಗಡಿ ಬೆಳಗ್ಗೆ ಒಂಬತ್ತೂವರೆಗೆ ತೆರೆಯುತ್ತದೆ, ಮಂಗಳವಾರ ರಜೆ. ಕೂರಲು ಎರಡೇ ಸ್ಟೂಲ್ ಇದೆ, ಮೂರನೆಯವರು ಬಂದರೆ ಅಜ್ಜಿಯ ಹತ್ತಿರ ಇನ್ನೊಂದು ಗೋಣಿಚೀಲ ಇದೆ.

ಇಂತಿ ತಮ್ಮ ಕೇಳುಗ,
ಮಾರುಕಟ್ಟೆ ಬೀದಿಯ ಟೈಲರ್,
ಬೆಂಗಳೂರು